‘ಹ್ಯಾವ್’ ಎಂಬ ಕ್ರಿಯಾಪದವೂ ನಮ್ಮ ನಾಲ್ಕು ಎಕರೆ ಹೊಲವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾದ ನಾನೂ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರ ಪತ್ರ ಬಂದಾಗ ಸಂತೋಷದೊಡನೆ ಅಳುಕೂ ಉಂಟಾಯಿತು. ಧರ್ಮ, ದರ್ಶನಗಳ ವಿಷಯವಾಗಿ ಬರೆಯುವ ಅಧಿಕಾರ ನನಗಿಲ್ಲ. ಅದಕ್ಕೆ ಬಲ್ಲವರಿದ್ದಾರೆ. ಮೂರು ದಶಕಗಳಿಗೂ ಮಿಕ್ಕಿ ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣವನ್ನು ಹೇಳಿಕೊಟ್ಟು, ೨೦೧೯ರಲ್ಲಿ ನಿವೃತ್ತನಾದ ಒಬ್ಬ ಸಾಮಾನ್ಯ ಶಿಕ್ಷಕ ನಾನು. ಆದುದರಿಂದ ನನಗೆ ತಿಳಿದ ಒಂದು ಸಣ್ಣ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಅದು ಇಂಗ್ಲಿಷಿನ ಒಂದು ಕ್ರಿಯಾಪದ; ನಾಲ್ಕೇ ಅಕ್ಷರಗಳ ‘ಹ್ಯಾವ್’. ಇಂಗ್ಲಿಷ್ ಕಲಿಯತೊಡಗಿದ ಮಗುವಿಗೆ ಮೊದಲ ತಿಂಗಳಲ್ಲಿಯೇ ಎದುರಾಗುವ ಮಾತಿದು. ಆದರೆ ಇದರ ಪೂರ್ಣ ಪರಿಚಯವಾಗಲು ನನಗೆ ಹನ್ನೆರಡು ವರ್ಷಗಳು ಹಿಡಿದವು. ಅದು ಹೇಗೆಂಬುದನ್ನು ವಾಚಕರ ಮುಂದಿಡುತ್ತೇನೆ.

೧೯೭೨ನೆಯ ಇಸವಿ. ಉತ್ತರ ಕರ್ನಾಟಕವನ್ನೂ ಮಹಾರಾಷ್ಟ್ರವನ್ನೂ ಆವರಿಸಿದ ಆ ಬರಗಾಲವನ್ನು ಕಂಡವರು ಇಂದಿಗೂ ಮರೆತಿಲ್ಲ. ನಮ್ಮದು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಆಗ ಕೊಪ್ಪಳ ಜಿಲ್ಲೆಯಾಗಿರಲಿಲ್ಲ. ಅದು ಜಿಲ್ಲೆಯಾದದ್ದು ೧೯೯೭ರಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ನಾಲ್ಕೂ ಅಕ್ಕಪಕ್ಕದವುಗಳಾದರೂ ಬದುಕು ಎರಡು ಬಗೆಯದು. ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನಿಂದ ಗಂಗಾವತಿಯ ಸೀಮೆಗೆ ಕಾಲುವೆಯ ನೀರು ಬಂದು, ಅಲ್ಲಿ ಬತ್ತದ ಗದ್ದೆಗಳು ಹಸಿರಾಗಿದ್ದವು. ಕುಷ್ಟಗಿ, ಯಲಬುರ್ಗಾಗಳ ಎರೆ ಮತ್ತು ಮಸಾರಿ ಹೊಲಗಳು ಮಾತ್ರ ಮುಗಿಲನ್ನೇ ನೋಡುತ್ತಿದ್ದವು. ಆ ವರ್ಷ ಮುಗಿಲು ಕೈಬಿಟ್ಟಿತು. ನನ್ನ ತಂದೆಯವರು ಎರಡು ಎತ್ತುಗಳನ್ನು ಮಾರಿದರು. ನಮ್ಮ ೪ ಎಕರೆ ಹೊಲವನ್ನು ಸಾಹುಕಾರರೊಬ್ಬರಲ್ಲಿ ಒತ್ತೆಯಿಟ್ಟರು. ನಾನು ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು, ಈ ಶಾಲೆಯ ಎಂಟನೆಯ ತರಗತಿಯಲ್ಲಿ ಓದುತ್ತಿದ್ದೆ.

ನಮ್ಮ ಇಂಗ್ಲಿಷ್ ಗುರುಗಳು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಮರಾಠಿ, ಹೀಗೆ ನಾಲ್ಕು ಭಾಷೆಗಳು ಅವರ ನಾಲಗೆಯ ಮೇಲಿದ್ದವು. ಅವರು ಒಂದು ದಿನ ‘ಹ್ಯಾವ್’ ಪದದ ಪಾಠ ಮಾಡಿ, “ನಿಮ್ಮ ಮನಿಯೊಳಗ ಏನೇನು ಐತಿ, ಯಾರ‍್ಯಾರು ಅದಾರ, ಹತ್ತು ವಾಕ್ಯ ಬರಕೊಂಡು ಬರ್ರಿ” ಎಂದು ಹೇಳಿದರು. ಗಂಗಾವತಿಯ ಕಡೆಯ ಹುಡುಗನೊಬ್ಬನು ‘ಐ ಹ್ಯಾವ್ ಎ ಸೈಕಲ್’ ಎಂದು ಬರೆದು ಎಲ್ಲರಿಗೂ ತೋರಿಸಿದನು. ನಾನು ‘ಐ ಹ್ಯಾವ್ ಎ ಫಾದರ್’ ಎಂದು ಬರೆದೆ. ‘ಐ ಹ್ಯಾವ್ ಎ ಮದರ್’ ಎಂದೂ ಬರೆದೆ. ತಂಗಿಯರಿಬ್ಬರನ್ನೂ ಬರೆದೆ. ಮುಂದೆ ಹೊಲದ ವಾಕ್ಯಕ್ಕೆ ಬಂದಾಗ ಕೈ ನಿಂತಿತು. ಹೊಲ ನಮ್ಮದೇ ಹೌದು. ಊರಲ್ಲಿ ಎಲ್ಲರೂ ಅದನ್ನು ನಮ್ಮ ಅಜ್ಜನ ಹೆಸರಿನಿಂದಲೇ ಕರೆಯುತ್ತಿದ್ದರು. ಆದರೆ ಅದರಲ್ಲಿ ಕಾಲಿಡುವ ಹಕ್ಕು ನಮಗೆ ಆಗ ಇರಲಿಲ್ಲ. ‘ವಿ ಹ್ಯಾವ್ ಎ ಫೀಲ್ಡ್’ ಎಂದು ಬರೆದರೆ ಸುಳ್ಳಾಗುವುದೇ? ಬರೆಯದಿದ್ದರೆ ಹೊಲ ಹೋಯಿತೆಂದು ನಾನೇ ಒಪ್ಪಿಕೊಂಡಂತಾಗುವುದೇ?

ಮರುದಿನ ಅಂಜುತ್ತಲೇ ಎದ್ದು ನಿಂತು ಕೇಳಿದೆ: “ಸರ್, ನಮ್ಮ ಹೊಲ ಒತ್ತಿ ಬಿದ್ದೈತ್ರಿ. ಹ್ಯಾವ್ ಅಂತ ಬರೀಬೇಕೋ, ಬ್ಯಾಡೋ?”

ತರಗತಿಯಲ್ಲಿ ಕೆಲವರು ನಕ್ಕರು. ಗುರುಗಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕರಿಹಲಗೆಯತ್ತ ತಿರುಗಿದರು. “ತಮ್ಮಾ, ನೀ ಕೇಳಿದ್ದು ಇಂಗ್ಲಿಷಿಗೆ ಕಷ್ಟದ ಪ್ರಶ್ನೆ, ಕನ್ನಡಕ್ಕೆ ಸುಲಭದ ಪ್ರಶ್ನೆ” ಎಂದು ಹೇಳಿ, ಅಂದಿನ ಒಂದು ತಾಸಿನ ಪೂರ್ತಿ ಅದನ್ನೇ ವಿವರಿಸಿದರು. ಅವರು ಹೇಳಿದ್ದರಲ್ಲಿ ನನಗೆ ಅಂದು ಅರ್ಥವಾದದ್ದು ಅಲ್ಪ. ಮುಂದೆ ನಾನೇ ಓದಿ, ಪಾಠ ಹೇಳಿ, ಅರಿತುಕೊಂಡದ್ದನ್ನೂ ಅದಕ್ಕೆ ಸೇರಿಸಿ ಇಲ್ಲಿ ಹೇಳುತ್ತೇನೆ.

ಕನ್ನಡದಲ್ಲಿ ‘ಹ್ಯಾವ್’ ಪದಕ್ಕೆ ಸರಿಸಮನಾದ ಕ್ರಿಯಾಪದವೇ ಇಲ್ಲ. ನಾವು ಆ ಅರ್ಥವನ್ನೆಲ್ಲ ‘ಇರು’ ಧಾತುವಿನಿಂದಲೇ ಹೇಳುತ್ತೇವೆ. ಆದರೆ ಒಂದೇ ರೀತಿಯಾಗಿ ಹೇಳುವುದಿಲ್ಲ. ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎಂಬುದು ಒಂದು. ‘ನನ್ನ ಹತ್ತಿರ ರೊಕ್ಕವಿದೆ’ ಎಂಬುದು ಇನ್ನೊಂದು. ‘ಅವನಲ್ಲಿ ಧೈರ್ಯವಿದೆ’ ಎಂಬುದು ಮತ್ತೊಂದು. ಸಂಬಂಧವಾದರೆ ‘ನನಗೆ’, ಕೈಯಲ್ಲಿರುವ ವಸ್ತುವಾದರೆ ‘ನನ್ನ ಹತ್ತಿರ’, ಗುಣವಾದರೆ ‘ನನ್ನಲ್ಲಿ’. ‘ನನ್ನ ಹತ್ತಿರ ತಾಯಿ ಇದ್ದಾಳೆ’ ಎಂದರೆ ತಾಯಿ ಸದ್ಯಕ್ಕೆ ನನ್ನ ಮನೆಯಲ್ಲಿ ಉಳಿದಿದ್ದಾಳೆಂದು ಅರ್ಥವೇ ಹೊರತು, ನನಗೆ ತಾಯಿಯುಂಟು ಎಂದಲ್ಲ. ಈ ಭೇದವನ್ನು ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ, ತೊಟ್ಟಿಲಲ್ಲಿಯೇ ಬಂದದ್ದು. ಗುರುಗಳು ಇದೇ ಭೇದವನ್ನು ಉರ್ದುವಿನಲ್ಲಿಯೂ ತೋರಿಸಿದರು. ‘ಮೇರೇ ಪಾಸ್ ಕಿತಾಬ್ ಹೈ’ ಎಂದರೆ ನನ್ನ ಹತ್ತಿರ ಪುಸ್ತಕವಿದೆ. ‘ಮೇರೇ ದೋ ಭಾಯೀ ಹೈಂ’ ಎಂದರೆ ನನಗೆ ಇಬ್ಬರು ಸಹೋದರರಿದ್ದಾರೆ. ‘ಮುಝೇ ಬುಖಾರ್ ಹೈ’ ಎಂದರೆ ನನಗೆ ಜ್ವರ. ಮರಾಠಿ, ತೆಲುಗುಗಳ ನಡೆಯೂ ಇದೇ. ಸಂಸ್ಕೃತವೂ ಷಷ್ಠೀ ವಿಭಕ್ತಿಯನ್ನೂ ‘ಅಸ್ತಿ’ ಎಂಬುದನ್ನೂ ಕೂಡಿಸಿ ಈ ಅರ್ಥವನ್ನು ಸಾಧಿಸುತ್ತದೆ. ದೂರದ ರಷ್ಯನ್ ಭಾಷೆಯಲ್ಲಿಯೂ ‘ನನ್ನ ಬಳಿ ಇದೆ’ ಎಂಬಂತೆಯೇ ಹೇಳುವ ವಾಡಿಕೆಯಿದೆ. ಇಂಗ್ಲಿಷ್ ಮಾತ್ರ ತಾಯಿಗೂ ಸೈಕಲ್ಲಿಗೂ ಜ್ವರಕ್ಕೂ ಧೈರ್ಯಕ್ಕೂ ಒಂದೇ ‘ಹ್ಯಾವ್’ ಪದವನ್ನು ಬಳಸುತ್ತದೆ.

ಈ ಪದದ ಮೂಲವನ್ನು ಹುಡುಕಿದರೆ ಕಾರಣ ತಿಳಿಯುತ್ತದೆ. ಲ್ಯಾಟಿನ್ ಭಾಷೆಯ ‘ಹಾಬೆರೆ’ ಎಂಬ ಪದಕ್ಕೂ ‘ಹ್ಯಾವ್’ ಪದಕ್ಕೂ ರೂಪದಲ್ಲಿ ಹೋಲಿಕೆಯಿದೆ, ಅರ್ಥವೂ ಒಂದೇ. ಆದರೆ ಅವೆರಡೂ ಒಂದೇ ಬೇರಿನಿಂದ ಬಂದವುಗಳಲ್ಲವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ‘ಹ್ಯಾವ್’ ಪದದ ನಿಜವಾದ ಬಂಧು ಲ್ಯಾಟಿನ್ನಿನ ‘ಕಾಪೆರೆ’. ಎಂದರೆ ಹಿಡಿಯುವುದು, ಕೈವಶ ಮಾಡಿಕೊಳ್ಳುವುದು. ಸೆರೆಹಿಡಿಯುವುದೆಂಬ ಅರ್ಥದ ‘ಕ್ಯಾಪ್ಚರ್’ ಪದವೂ ಅದೇ ಮೂಲದ್ದು. ಆದುದರಿಂದ ‘ಹ್ಯಾವ್’ ಎಂಬುದರ ಆದಿಯಲ್ಲಿ ಮುಷ್ಟಿಯಲ್ಲಿ ಹಿಡಿದುಕೊಂಡ ಭಾವವಿದೆ. ನಮ್ಮ ‘ನನಗೆ ಇದೆ’ ಎಂಬುದರಲ್ಲಿ ಅಂತಹ ಮುಷ್ಟಿಯಿಲ್ಲ. ‘ಗೆ’ ಎಂಬುದು ಚತುರ್ಥೀ ವಿಭಕ್ತಿ. ನಮ್ಮ ವ್ಯಾಕರಣಗಳು ಅದನ್ನು ಸಂಪ್ರದಾನವೆಂದು ಕರೆಯುತ್ತವೆ. ಸಂಪ್ರದಾನವೆಂದರೆ ಕೊಡುವಿಕೆ. ಅನ್ನವನ್ನು ಅತಿಥಿಗೆ ಕೊಟ್ಟನು ಎನ್ನುವಲ್ಲಿ ಬರುವ ‘ಗೆ’ಯೇ ‘ನನಗೆ ಹೊಲವಿದೆ’ ಎನ್ನುವಲ್ಲಿಯೂ ಬರುತ್ತದೆ. ಸಿರಿವಂತರನ್ನು ಹೇಳುವ ‘ಉಳ್ಳವರು’ ಎಂಬ ಪದ ಬಸವಣ್ಣನವರ ವಚನದಿಂದಾಗಿ ನಮ್ಮೆಲ್ಲರಿಗೂ ಪರಿಚಿತ. ಅದರಲ್ಲಿಯೂ ಇರುವುದು ‘ಉಳ್’ ಎಂಬ ಧಾತು. ಅದರ ಅರ್ಥವೂ ಇರುವುದೆಂದೇ. ಶ್ರೀಮಂತಿಕೆಯನ್ನು ಹೇಳುವಾಗಲೂ ಕನ್ನಡವು ಹಿಡಿತದ ಮಾತನ್ನಾಡದೆ ಇರವಿನ ಮಾತನ್ನೇ ಆಡಿತು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡಿಗೆ ಎಲ್ಲೆ ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಅಂತಹ ನೆಲದಲ್ಲಿ ಹುಟ್ಟಿ ಈ ಭೇದವನ್ನು ತಿಳಿಯಲು ನನಗೆ ಇಂಗ್ಲಿಷಿನ ಪಾಠ ಬೇಕಾಯಿತೆಂಬುದು ವಿಚಿತ್ರವಾದರೂ ಸತ್ಯ.

ಅಂದು ಗುರುಗಳು ನನ್ನ ಪ್ರಶ್ನೆಗೆ ಕೊಟ್ಟ ಉತ್ತರ ಇಷ್ಟೇ: “ಹೊಲ ನಿಮಗ ಐತಿ, ನಿಮ್ಮ ಹತ್ರ ಇಲ್ಲ. ಇಂಗ್ಲಿಷಿನೊಳಗ ಇದನ್ನು ಹೇಳಾಕ ಎರಡು ಪದ ಬೇಕು. ಓನ್ ಅಂದ್ರ ಒಡೆತನ. ‘ವಿ ಓನ್ ಎ ಫೀಲ್ಡ್’ ಅಂತ ಬರಿ.” ನಾನು ಹಾಗೆಯೇ ಬರೆದೆ. ಹತ್ತು ವಾಕ್ಯಗಳಲ್ಲಿ ‘ಹ್ಯಾವ್’ ಇಲ್ಲದ ವಾಕ್ಯ ಅದೊಂದೇ. ಅದಕ್ಕೂ ಅವರು ಗುರುತು ಹಾಕಿ ಅಂಕ ಕೊಟ್ಟರು.

ಇಷ್ಟಕ್ಕೇ ಆ ಪದದ ಆಟ ಮುಗಿಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ತಂದೆಯವರು ಪ್ರಸಾದ ನಿಲಯಕ್ಕೆ ಬಂದರು. ನಮ್ಮ ಓಣಿಯ ಜನವೆಲ್ಲ ಗಂಗಾವತಿಯ ಕಡೆ ಬತ್ತದ ನಾಟಿಗೆ ಗುಳೆ ಹೊರಟಿತ್ತು; ನನ್ನನ್ನೂ ಕರೆದೊಯ್ಯುವುದು ಅವರ ಉದ್ದೇಶವಾಗಿತ್ತು. ಒಂದಾಳಿನ ಕೂಲಿ ಹೆಚ್ಚು ಬಂದರೆ ಸಾಹುಕಾರರ ಬಡ್ಡಿಯಾದರೂ ತೀರೀತೆಂಬ ಲೆಕ್ಕ. “ಹೋಗಬೇಕಾಗೈತಿ” ಎಂದು ಅವರು ನನ್ನ ಮುಖ ನೋಡದೆ ಹೇಳಿದರು. ಇಂಗ್ಲಿಷಿನಲ್ಲಿ ಇದಕ್ಕೂ ‘ಹ್ಯಾವ್’ ಪದವೇ ಬೇಕು: ‘ಐ ಹ್ಯಾವ್ ಟು ಗೋ.’ ಹಿಡಿಯುವ ಪದ ನಿರ್ಬಂಧದ ಪದವಾದದ್ದು ಹೇಗೆಂದು ಮುಂದೆ ವಿಚಾರಿಸಿ ನೋಡಿದ್ದೇನೆ. ‘ಬರೆಯಲು ನನ್ನಲ್ಲಿ ಒಂದು ಪತ್ರವಿದೆ’ ಎಂಬಂತಹ ವಾಕ್ಯದಿಂದ ಮೆಲ್ಲನೆ ‘ನಾನು ಪತ್ರವನ್ನು ಬರೆಯಲೇಬೇಕು’ ಎಂಬ ಅರ್ಥ ಹೊರಟಿತು. ಕೈಯಲ್ಲಿ ಕೆಲಸವಿದ್ದವನು ಆ ಕೆಲಸಕ್ಕೆ ಕಟ್ಟುಬಿದ್ದವನಾದನು. ಅಂದು ನಮ್ಮ ಮನೆಯಲ್ಲಿ ಹಿಡಿಯಲು ಏನೂ ಉಳಿದಿರಲಿಲ್ಲ. ‘ಹ್ಯಾವ್’ ಪದದ ಅರ್ಥಗಳಲ್ಲಿ ನಮ್ಮ ಪಾಲಿಗೆ ಬಂದದ್ದು ಆ ನಿರ್ಬಂಧವೊಂದೇ.

ನಿಲಯದ ಮೇಲ್ವಿಚಾರಣೆ ನೋಡುತ್ತಿದ್ದ ಹಿರಿಯರು ತಂದೆಯವರನ್ನು ಕೂಡ್ರಿಸಿ, ಮೊದಲು ಪ್ರಸಾದ ಮಾಡಿಸಿದರು. ಆಮೇಲೆ ಮಾತು. ತಂದೆಯವರು ಕೈಮುಗಿದು, “ನಮ್ಮ ಹತ್ರ ಏನೂ ಉಳಿದಿಲ್ರಿ ಗುರುಗಳ. ಇವನೊಬ್ಬ ಅದಾನ” ಎಂದರು. ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು, “ನಿಮಗ ಅದಾನ, ಬಿಡ್ರಿ. ಸದ್ಯಕ್ಕ ನಮ್ಮ ಹತ್ರ ಇರಲಿ” ಎಂದರು. ಅವರಿಗೆ ವ್ಯಾಕರಣ ಗೊತ್ತಿತ್ತೋ ಇಲ್ಲವೋ ನಾನರಿಯೆ. ಆದರೆ ಗುರುಗಳು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ ಭೇದವನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದರು. ಅಡವಿಟ್ಟ ಹೊಲ ನಮಗಿದ್ದೂ ನಮ್ಮ ಹತ್ತಿರ ಇರಲಿಲ್ಲ. ಅದೇ ರೀತಿಯಾಗಿ ತಂದೆಯವರಿಗೆ ನಾನಿದ್ದೆ, ಅವರ ಹತ್ತಿರ ಇರಲಿಲ್ಲ. ಒಂದನ್ನು ಸಾಹುಕಾರರು ಬಡ್ಡಿಗಾಗಿ ಹಿಡಿದಿದ್ದರು; ಇನ್ನೊಂದನ್ನು ಶ್ರೀಮಠವು ಏನನ್ನೂ ಬೇಡದೆ ಕಾಯುತ್ತಿತ್ತು. ತಂದೆಯವರು ಒಬ್ಬರೇ ಬಸ್ಸು ಹತ್ತಿದರು. ಅವರು ಕಣ್ಮರೆಯಾಗುವವರೆಗೆ ನಾನು ಬಾಗಿಲಲ್ಲಿಯೇ ನಿಂತಿದ್ದೆ. ಓದು ಉಳಿಯಿತೆಂಬ ಸಂತೋಷಕ್ಕಿಂತ, ನನ್ನ ಪಾಲಿನ ಕೂಲಿಯನ್ನೂ ಅವರೇ ದುಡಿಯಬೇಕಾಯಿತಲ್ಲ ಎಂಬ ನೋವು ಆಗ ಹೆಚ್ಚಾಗಿತ್ತು.

ಬೇಸಗೆಯ ಸೂಟಿಯಲ್ಲಿ ನಾನೇ ಹಟ ಹಿಡಿದು ಸುಗ್ಗಿಯ ಕೆಲಸಕ್ಕೆ ಹೋದೆ. ಕಾಲುವೆಯ ಸೀಮೆಯಲ್ಲಿ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಿಗೆ ‘ಕ್ಯಾಂಪ್’ ಎಂಬ ಹೆಸರು ಇಂದಿಗೂ ಇದೆ. ಅಂತಹದೊಂದು ಕ್ಯಾಂಪಿನಲ್ಲಿ ಹೊರೆ ಹೊರುತ್ತಿದ್ದಾಗ, ಒಡೆಯರ ಮನೆಯ ಮುದುಕಿಯೊಬ್ಬಳು ತನ್ನ ಮಕ್ಕಳನ್ನು ಎಣಿಸಿ ಹೇಳುತ್ತ ‘ನಾಕು’ ಎಂದು ಮಾತನ್ನು ಆರಂಭಿಸಿದಳು. ನಾನು ನಾಲ್ಕು ಮಕ್ಕಳೆಂದು ತಿಳಿದೆ. ತೆಲುಗಿನಲ್ಲಿ ‘ನಾಕು’ ಎಂದರೆ ‘ನನಗೆ’ ಎಂದು ತಂದೆಯವರು ನಗುತ್ತ ತಿದ್ದಿದರು. ಒಂದು ಅಕ್ಷರವನ್ನೂ ಓದದ ತಂದೆಯವರು ಮೂರು ತಿಂಗಳ ಗುಳೆಯಲ್ಲಿ ಅಷ್ಟು ತೆಲುಗನ್ನು ಕಲಿತಿದ್ದರು. ಹೊಲವಿದ್ದವರ ಭಾಷೆಯಲ್ಲಿಯೂ ‘ನನಗೆ ಇದೆ’ ಎಂಬ ಮಾತೇ ಇದೆಯೆಂದು ಅಂದು ನನಗೆ ಏಕೋ ಸಮಾಧಾನವಾಯಿತು.

ಮುಂದೆ ನಾನೇ ಶಿಕ್ಷಕನಾದ ಮೇಲೆ ಈ ಕ್ರಿಯಾಪದದ ಇತರ ಬಳಕೆಗಳನ್ನು ವರ್ಷ ವರ್ಷವೂ ಹೇಳಿಕೊಟ್ಟೆ. ‘ಐ ಹ್ಯಾವ್ ರಿಟನ್’ ಎಂಬಲ್ಲಿ ಅದು ಸಹಾಯಕ ಕ್ರಿಯಾಪದ. ಬಹುಕಾಲದ ಹಿಂದೆ ಅದು ‘ಬರೆದಂತಹ ಪತ್ರವನ್ನು ನಾನು ಹಿಡಿದಿದ್ದೇನೆ’ ಎಂಬ ಅರ್ಥದಿಂದ ಹೊರಟು ‘ಬರೆದಿದ್ದೇನೆ’ ಎಂಬ ಅರ್ಥಕ್ಕೆ ಬಂದು ನಿಂತಿತು. ಕನ್ನಡದಲ್ಲಿ ಆ ಸ್ಥಾನಕ್ಕೂ ‘ಇರು’ ಧಾತುವೇ ಬರುತ್ತದೆ: ಬರೆದು ಇದ್ದೇನೆ, ಬರೆದಿದ್ದೇನೆ. ಅವರು ಹಿಡಿಯುವಲ್ಲಿ ನಾವು ಇರುತ್ತೇವೆ. ‘ಹ್ಯಾವ್ ಟೀ’ ಎಂದರೆ ಚಹಾ ಕುಡಿಯಿರಿ. ‘ಹ್ಯಾವ್ ಎ ಬಾತ್’ ಎಂದರೆ ಸ್ನಾನ ಮಾಡು. ‘ಐ ಹ್ಯಾಡ್ ದಿ ಹೌಸ್ ಬಿಲ್ಟ್’ ಎಂದರೆ ಮನೆ ಕಟ್ಟಿಸಿದೆ. ನಮ್ಮಲ್ಲಿ ‘ಇಸು’ ಪ್ರತ್ಯಯ ಮಾಡುವ ಕೆಲಸವದು. ಆದರೆ ‘ಐ ಹ್ಯಾಡ್ ಮೈ ಪಾಕೆಟ್ ಪಿಕ್ಡ್’ ಎಂದರೆ ಜೇಬು ಕತ್ತರಿಸಿಕೊಂಡು ಬಂದೆ ಎಂದರ್ಥ. ಮನೆ ಕಟ್ಟಿಸಿದವನಿಗೂ ಜೇಬು ಕಳೆದುಕೊಂಡವನಿಗೂ ಒಂದೇ ವಾಕ್ಯರಚನೆ! ಒಮ್ಮೆ ಒಬ್ಬ ಹುಡುಗಿ, “ಸರ್, ‘ಐ ಹ್ಯಾವ್ ಲಾಸ್ಟ್’ ಅಂತಾರಲ್ರಿ, ಕಳಕೊಂಡ ಮ್ಯಾಲೆ ಹ್ಯಾವ್ ಎಲ್ಲಿ ಬಂತ್ರಿ?” ಎಂದು ಕೇಳಿದಳು. ನಮ್ಮಲ್ಲಿಯೂ ‘ಕಳೆದು’ ಎಂಬುದರ ಜೊತೆಗೆ ‘ಕೊಳ್ಳು’ ಎಂಬುದು ಬಂದು ಸೇರುವುದನ್ನು ಆಕೆಗೆ ತೋರಿಸಿದೆ. ಕಳೆದೂ ಕೊಳ್ಳುತ್ತೇವೆ. ಕಳೆದುಹೋದದ್ದು ಹೋದರೂ ಅದರ ನಷ್ಟ ನಮ್ಮ ಪಾಲಿಗೆ ಉಳಿಯುತ್ತದೆ. ಆಕೆಗೆ ಅದು ಒಪ್ಪಿಗೆಯಾಯಿತು.

ಇಂದಿನ ಬರೆವಣಿಗೆಯಲ್ಲಿ ಒಂದು ವಿಕಾರ ಕಾಣುತ್ತಿದೆ. ಶಿಕ್ಷಕನ ಅಭ್ಯಾಸಬಲದಿಂದ ಅದನ್ನು ಹೇಳದೆ ಇರಲಾರೆ. ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’, ‘ಗ್ರಾಮವು ಒಂದು ಕೆರೆಯನ್ನು ಹೊಂದಿದೆ’ ಎಂದು ಬರೆಯುವುದು ರೂಢಿಯಾಗುತ್ತಿದೆ. ‘ಹೊಂದು’ ಎಂದರೆ ಕೂಡು, ಸೇರು, ಪಡೆ. ಹೊಂದಿಕೆ, ಹೊಂದಾಣಿಕೆ ಎಂಬ ಪದಗಳು ಅಲ್ಲಿಂದಲೇ ಬಂದವು. ಅದನ್ನು ‘ಹ್ಯಾವ್’ ಪದದ ಪಡಿಯಚ್ಚನ್ನಾಗಿ ಮಾಡುವುದು ಸಲ್ಲದು. ಊರಿಗೆ ಕೆರೆಯಿದೆ, ಅವರಿಗೆ ಇಬ್ಬರು ಮಕ್ಕಳಿದ್ದಾರೆ ಎಂದು ಬರೆದರೆ ಮಾತು ಚಿಕ್ಕದಾಗುತ್ತದೆ, ಅರ್ಥವೂ ತಪ್ಪುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕೆಂದು ವಿನಂತಿ.

೧೯೮೪ರಲ್ಲಿ, ನಾನು ನೌಕರಿಗೆ ಸೇರಿದ ಎರಡನೆಯ ವರ್ಷ, ತಂದೆಯವರು ಕೂಡಿಟ್ಟ ಕೂಲಿಯ ಹಣಕ್ಕೆ ನನ್ನ ಸಂಬಳದ ಉಳಿತಾಯವನ್ನು ಸೇರಿಸಿ ಹೊಲವನ್ನು ಬಿಡಿಸಿಕೊಂಡೆವು. ಕಾಗದ ಕೈಗೆ ಬಂದ ದಿನ ತಂದೆ ಮಕ್ಕಳಿಬ್ಬರೂ ನೇರವಾಗಿ ಹೊಲಕ್ಕೇ ಹೋದೆವು. ಬದುವಿನ ಕಲ್ಲುಗಳು ಅಲ್ಲಲ್ಲಿ ಸರಿದಿದ್ದವು, ಜಾಲಿ ಬೆಳೆದಿತ್ತು. ನಾನು ಹುರುಪಿನಿಂದ, “ಯಪ್ಪಾ, ಈಗ ಹೊಲ ನಮಗ ಐತಿ ಅನ್ನಬಹುದು” ಎಂದೆ. ತಂದೆಯವರು ಒಂದು ಹೆಂಟೆಯನ್ನು ಎತ್ತಿ ಪುಡಿ ಮಾಡುತ್ತ, “ನಮಗ ಯಾವಾಗಲೂ ಇತ್ತು. ನಮ್ಮ ಹತ್ರ ಬಂತು ಅನ್ನು” ಎಂದರು. ಸ್ವಲ್ಪ ತಡೆದು, “ಖರೇ ಹೇಳಬೇಕಂದ್ರ ಹೊಲ ಯಾರಿಗೂ ಇರೂದಿಲ್ಲ ತಮ್ಮಾ. ಹೊಲಕ್ಕ ನಾವಿರತೀವಿ” ಎಂದು ಹೇಳಿ, ಸರಿದ ಕಲ್ಲುಗಳನ್ನು ನೆಟ್ಟಗೆ ಇಡತೊಡಗಿದರು. ನಾನೂ ಅಂಗಿಯ ತೋಳು ಮಡಿಸಿ ಅವರ ಜೊತೆಗೂಡಿದೆ.

ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಹಲವು ಸಲ ಪ್ರಯತ್ನಿಸಿದ್ದೇನೆ. ‘ಹ್ಯಾವ್’ ಪದವನ್ನು ಇಟ್ಟುಕೊಂಡರೆ ಅರ್ಥ ಕೆಡುತ್ತದೆ. ಬಿಟ್ಟರೆ ವಾಕ್ಯ ನಿಲ್ಲುವುದಿಲ್ಲ. ತಂದೆಯವರು ಈಗಿಲ್ಲ. ಆ ಇಂಗ್ಲಿಷ್ ಗುರುಗಳೂ, ಪ್ರಸಾದ ನಿಲಯದ ಆ ಹಿರಿಯರೂ ಇಲ್ಲ. ಹೊಲವಿದೆ, ಶಾಲೆಯಿದೆ, ಉಂಡು ಓದುವ ಮಕ್ಕಳಿದ್ದಾರೆ. ‘ನಿನ್ನ ಹತ್ತಿರ ಏನಿದೆ’ ಎಂದು ಕೇಳದೆ ನನ್ನಂತಹ ಎಷ್ಟೋ ಮಕ್ಕಳನ್ನು ತನ್ನ ಹತ್ತಿರ ಇರಿಸಿಕೊಂಡ ಈ ಸಂಸ್ಥೆಗೆ ನಾನು ಸಲ್ಲಿಸಬಹುದಾದದ್ದು ಈ ನಾಲ್ಕು ಮಾತುಗಳು ಮಾತ್ರ. ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಕೇಳಿಕೊಂಡು ಲೇಖನಿಯನ್ನು ಕೆಳಗಿಡುತ್ತೇನೆ.